ಏಳು ತಿಂಗಳಾಯ್ತು, ಕಾಟ್ಲಾ ಮೀನು ಇನ್ನೂ ನೂರಿಪ್ಪತ್ತು ಗ್ರಾಂ ದಾಟಿಲ್ಲ. ಎಲ್ಲಿ ತಪ್ಪಿದೆ?

ಶಿರಾ ದಾಳಿಂಬೆ ರೈತ:
ಎಲ್ಲರಿಗೂ ನಮಸ್ಕಾರ. ದಾಳಿಂಬೆಗೆ ನೀರು ಬೇಕು ಅಂತ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಕೃಷಿ ಹೊಂಡ ತೆಗೆಸಿದ್ದೇವೆ. ಒಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಆಗಸ್ಟ್‌ನಲ್ಲಿ 900 ಕಾಟ್ಲಾ, 300 ಸಾಮಾನ್ಯ ಗೆಂಡೆ ಮರಿ ಬಿಟ್ಟೆ. ಮರಿ ಕೊಟ್ಟವರು ವರ್ಷಕ್ಕೆ ಒಂದು ಕೆ.ಜಿ. ಬರುತ್ತೆ ಅಂದಿದ್ದರು. ಮೊನ್ನೆ ಬಲೆ ಬೀಸಿ ನೋಡಿದರೆ ಕಾಟ್ಲಾ 110, 120 ಗ್ರಾಂ. ಗೆಂಡೆ ಮಾತ್ರ 280 ಗ್ರಾಂ ಇದೆ. ದಿನಾ ಬೆಳಿಗ್ಗೆ ಒಂದೂವರೆ ಕೆ.ಜಿ. ತೌಡು, ಶೇಂಗಾ ಹಿಂಡಿ ಸಮ ಸಮ ನೆನೆಸಿ, ಉಂಡೆ ಕಟ್ಟಿ ಒಂದೇ ಮೂಲೆಗೆ ಹಾಕುತ್ತೇನೆ. ಮೀನು ಸಾಯುತ್ತಿಲ್ಲ, ಬೆಳೆಯುತ್ತಲೂ ಇಲ್ಲ. ಮೀನು ಬೇಡ ಅಂತ ಅಪ್ಪ ಮೊದಲೇ ಹೇಳಿದ್ದರು. ಅವರಿಗೆ ಏನು ಹೇಳಲಿ ತಿಳಿಯುತ್ತಿಲ್ಲ. ಮರಿಯೇ ಕೆಟ್ಟದಾ, ಆಹಾರ ಸಾಲದಾ?

ಹೊಳಲ್ಕೆರೆ ಹೊಂಡದವ:
ತಮ್ಮಾ, ಮರಿ ಮೇಲೆ ಆಮೇಲೆ ಅನುಮಾನ ಪಡೋಣ. ಉತ್ತರ ನಿನ್ನ ಪ್ರಶ್ನೆಯೊಳಗೇ ಇದೆ. ಅದೇ ನೀರಲ್ಲಿ ಗೆಂಡೆ ಬೆಳೆದಿದೆ, ಕಾಟ್ಲಾ ಬೆಳೆದಿಲ್ಲ, ಅಲ್ವಾ?

ಕಾಟ್ಲಾದ ಬಾಯಿ ನೋಡು. ಕೆಳದವಡೆ ಮುಂದೆ ಚಾಚಿ ಬಾಯಿ ಮೇಲಕ್ಕೆ ತೆರೆದಿರುತ್ತದೆ. ಅದು ಮೇಲಿನ ನೀರಲ್ಲಿ ತೇಲೋ ಸಣ್ಣ ಸಣ್ಣ ಜೀವಿಗಳನ್ನು ಸೋಸಿ ತಿನ್ನೋ ಮೀನು. ನೀನು ಹಾಕುವ ಉಂಡೆ ನೇರ ತಳಕ್ಕೆ ಹೋಗುತ್ತದೆ. ಅಲ್ಲಿ ಗೆಂಡೆ ಕಾದಿರುತ್ತದೆ. ಕಾಟ್ಲಾಗೆ ಸಿಗೋದು ಚೂರುಪಾರು ಅಷ್ಟೇ.

ಈಗ ನೀರು ನೋಡು. ದಡದಲ್ಲಿ ಕೂತು ಮೊಣಕೈ ಮುಳುಗುವಷ್ಟು ಕೈ ಇಳಿಸು. ಅಂಗೈ ಮಸುಕಾಗಿ ಮರೆಯಾದರೆ ನೀರು ಸರಿಯಾಗಿದೆ. ಬೆರಳು ಎಣಿಸುವ ಹಾಗಿದ್ದರೆ ನೀರಲ್ಲಿ ಊಟವಿಲ್ಲ. ಮಣಿಕಟ್ಟು ಮುಳುಗುವ ಮೊದಲೇ ಅಂಗೈ ಕಾಣದಿದ್ದರೆ ಪಾಚಿ ಜಾಸ್ತಿಯಾಗಿದೆ, ಅದೂ ಅಪಾಯ. ಮಣ್ಣಿನ ಕೆರೆಯಲ್ಲಿ ತಳದ ಕೆಸರೇ ನೀರಿಗೆ ಸಾರ ಬಿಡುತ್ತಿರುತ್ತದೆ. ಹಾಳೆ ಹೊದಿಸಿದ ಹೊಂಡಕ್ಕೆ ಆ ಭಾಗ್ಯ ಇಲ್ಲ, ನಾವೇ ಹಾಕಬೇಕು. ನನ್ನ ಮೊದಲ ಹೊಂಡದಲ್ಲೂ ಇದೇ ಆಗಿತ್ತು. ನೀರು ಕನ್ನಡಿ ಥರ ಇದೆ ಅಂತ ಖುಷಿಪಟ್ಟಿದ್ದೆ. ಮೀನು ಹಿಡಿದಾಗ ತಲೆಯೇ ತಲೆ, ಬೆನ್ನು ಸಣಕಲು.

ಲೆಕ್ಕವನ್ನೂ ಹಾಕು. ನಿನ್ನ ಹೊಂಡ ಹೆಚ್ಚೆಂದರೆ ನಾಲ್ಕೂವರೆ ಗುಂಟೆ. ನೀರಿಗೆ ಗಾಳಿ ತುಂಬುವ ಯಂತ್ರ ಇಲ್ಲದೆ ಹೆಕ್ಟೇರಿಗೆ 10,000 ಮರಿ ಅಂದರೂ ಇಲ್ಲಿ 440ಕ್ಕಿಂತ ಜಾಸ್ತಿ ಬಿಡಬಾರದು. ನೀನು 1,200 ಬಿಟ್ಟಿದ್ದೀಯ. ಎಲ್ಲ ಬದುಕಿದ್ದರೆ ನೀರಲ್ಲಿ 190 ಕೆ.ಜಿ. ಮೀನಿದೆ. ಮೈತೂಕದ ನೂರಕ್ಕೆ ಎರಡರಷ್ಟು ಅಂದರೂ ದಿನಕ್ಕೆ ನಾಲ್ಕು ಕೆ.ಜಿ. ಹತ್ತಿರ ಹಾಕಬೇಕು. ಹಾಗಂತ ನಾಳೆಯಿಂದಲೇ ನಾಲ್ಕು ಸುರಿಯಬೇಡ. ತಿನ್ನದೆ ಉಳಿದದ್ದು ಕೊಳೆತು ನೀರು ಕೆಡುತ್ತದೆ. ಮೊದಲು ಮೀನು ಕಡಿಮೆ ಮಾಡು.

ಈ 120 ಗ್ರಾಂ ಮೀನು ಸುಮ್ನೆ ಹೋಗುವುದಿಲ್ಲ. ಕೆರೆ ಗುತ್ತಿಗೆ ಹಿಡಿದವರಿಗೆ ಇಂಥ ದೊಡ್ಡ ಮರಿ ಬೇಕು, ಮರಿ ತಿನ್ನುವ ಕೊರವ ಮೀನು ಇಷ್ಟು ದೊಡ್ಡದನ್ನು ನುಂಗುವುದಿಲ್ಲ. ವರ್ಷ ಹಸಿದು ಕುಗ್ಗಿದ ಮರಿ ಒಳ್ಳೆ ನೀರಿಗೆ ಬಿದ್ದರೆ ಬೇಗ ಬೆಳೆಯುತ್ತದೆ. ಸಾಗಿಸುವ ಹಿಂದಿನ ದಿನ ಆಹಾರ ನಿಲ್ಲಿಸು, ಹೊಟ್ಟೆ ಖಾಲಿಯಿದ್ದರೆ ದಾರಿಯಲ್ಲಿ ನೀರು ಕೆಡುವುದಿಲ್ಲ. ಬೆಳಗಿನ ತಂಪಲ್ಲೇ ಹಿಡಿ.

ಗೌರಿಬಿದನೂರು ಅಕ್ಕ:
ಮೇಲಿನ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಉಂಡೆ ಬದಲು ಚೀಲ ಕಟ್ಟಿ ನೋಡಿ. ಆಂಧ್ರದ ಕೊಲ್ಲೇರು ಸರೋವರದ ಕಡೆ ಗೊಬ್ಬರದ ಚೀಲಕ್ಕೆ ತೂತು ಮಾಡಿ, ತೌಡು ಹಿಂಡಿ ತುಂಬಿ, ಗಳಕ್ಕೆ ಕಟ್ಟಿ ನೀರಲ್ಲಿ ಇಳಿಬಿಡುತ್ತಾರೆ. ನಾನೂ ಹಾಗೇ ಮಾಡುತ್ತೇನೆ. ಕಟ್ಟಿದ ಹತ್ತು ನಿಮಿಷಕ್ಕೆ ನಮ್ಮ ಹೊಂಡದ ರೋಹು ಮೀನು ಬಂದು ತೂತಿಗೆ ಬಾಯಿ ಹಚ್ಚುತ್ತವೆ, ಚೀಲ ಅಲ್ಲಾಡುತ್ತಲೇ ಇರುತ್ತದೆ. ಸಂಜೆ ಎತ್ತಿ ನೋಡಿದರೆ ಎಷ್ಟು ತಿಂದಿವೆ ಅಂತ ಗೊತ್ತಾಗುತ್ತದೆ. ಉಳಿದಿದ್ದರೆ ಮರುದಿನ ಕಡಿಮೆ ತುಂಬಿ. ಕಾಟ್ಲಾಗೆ ಮಾತ್ರ ಸ್ವಲ್ಪ ಒಣ ತೌಡನ್ನು ಗಾಳಿಯ ಕಡೆಯಿಂದ ನೀರ ಮೇಲೆ ಉದುರಿಸಿ.

ಹಿಂಡಿ ಮೂಸಿ ನೋಡಿ ಕೊಳ್ಳಿ. ಮುಗ್ಗಲು ವಾಸನೆ, ಬೂಷ್ಟು ಇದ್ದರೆ ಬೇಡವೇ ಬೇಡ. ಆ ಬೂಷ್ಟಿನ ವಿಷ ಮೀನಿನ ಲಿವರ್‌ಗೆ ಹೊಡೆಯುತ್ತದೆ.

ಮುಂದಿನ ಸಲ ಗೆಂಡೆ ಬಿಡುವುದಾದರೆ ಅಮುರ್ ತಳಿ ಕೇಳಿ. ಹಂಗೇರಿಯಿಂದ ತಂದ ಈ ತಳಿಯನ್ನು ಹೆಸರಘಟ್ಟದ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿದರು. ಮಾಮೂಲಿ ಗೆಂಡೆ ಬೇಗ ಮೊಟ್ಟೆ ಕಟ್ಟುತ್ತದೆ, ತಿಂದದ್ದೆಲ್ಲ ಅಲ್ಲಿಗೇ ಹೋಗುತ್ತದೆ.

ಶಿರಾ ದಾಳಿಂಬೆ ರೈತ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗ ತಾನೇ ಕೈ ಇಳಿಸಿ ನೋಡಿದೆ. ಬೆರಳು ಬಿಡಿ, ಉಗುರು ಕೂಡ ಕಾಣುತ್ತಿತ್ತು. ಹಾಳೆಯ ಮಡಿಕೆ ಮೂರಡಿ ಕೆಳಗೂ ಕಾಣುತ್ತಿದೆ. ಸಗಣಿ ಹಾಕೋಣ ಅಂದರೆ ಇದೇ ನೀರು ಹನಿ ನೀರಾವರಿಗೆ ಹೋಗುತ್ತದೆ. ಪೈಪು ಕಟ್ಟಿಕೊಳ್ಳುವುದಿಲ್ಲವಾ?

ಹೊಳಲ್ಕೆರೆ ಹೊಂಡದವ:
ಸಗಣಿಯನ್ನು ನೇರ ಸುರಿಯಬೇಡ. ಡ್ರಮ್ಮಿನಲ್ಲಿ ವಾರಕ್ಕೆ ಎಂಟು ಕೆ.ಜಿ. ಹಸಿ ಸಗಣಿ, ಅರ್ಧ ಕೆ.ಜಿ. ಹಿಂಡಿ ಮೂರು ದಿನ ಕೊಳೆಹಾಕು. ಗೋಣಿಯಲ್ಲಿ ಸೋಸಿ, ಬರೀ ರಸವನ್ನು ಬಿಸಿಲು ಬಿದ್ದ ಮೇಲೆ ಹೊಂಡದ ಸುತ್ತ ಚೆಲ್ಲು. ಉಳಿದ ಗಸಿ ದಾಳಿಂಬೆ ಬುಡಕ್ಕೆ. ಫಿಲ್ಟರ್ ಮಾತ್ರ ಮೊದಲಿಗಿಂತ ಹೆಚ್ಚು ಸಲ ತೊಳೆಯಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ನೀರು ತಿಳಿಹಸಿರಿಗೆ ತಿರುಗಿದ ಮೇಲೆ ಪ್ರತಿ ವಾರ ಮೊಣಕೈ ಪರೀಕ್ಷೆ ಮಾಡಿಯೇ ಮುಂದಿನ ರಸ ಹಾಕು.

ಬೆಳಗಿನ ಜಾವ ಒಮ್ಮೆ ಹೋಗಿ ನೋಡು. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಉಸಿರು ಸಾಲದು ಅಂತ ಅರ್ಥ. ಆ ದಿನ ಆಹಾರವೂ ಬೇಡ, ರಸವೂ ಬೇಡ. ಮೋಟರ್ ಹಾಕಿ ಹೊಂಡದ ನೀರನ್ನೇ ಎತ್ತರದಿಂದ ಹೊಂಡಕ್ಕೆ ಬೀಳಿಸು. ಬೇಸಿಗೆ ಬರುತ್ತಿದೆ, ನೀರು ಇಳಿದಂತೆ ಇದು ಜಾಸ್ತಿ ಆಗುತ್ತದೆ. ಅದಕ್ಕೇ 800 ಮೀನು ಈ ತಿಂಗಳೊಳಗೆ ಖಾಲಿ ಮಾಡು ಅನ್ನುತ್ತಿರುವುದು. ತಿಂಗಳು ಬಿಟ್ಟು ಹತ್ತು ಕಾಟ್ಲಾ ತೂಗಿ ಇಲ್ಲೇ ಬರಿ. ಅಪ್ಪನನ್ನೂ ತಕ್ಕಡಿ ಹತ್ತಿರ ಕರೆದುಕೊಂಡು ಬಾ.