ನಕಲಿನ ಜೀನ್ಸು, ಅಸಲಿನ ಜಗಳ

ನಮ್ಮ ತಾಯಿಯ ತವರುಮನೆಯ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ನಡೆದ ಮಾತುಕತೆಯಿದು. ಶುಭೋದಯದ ಚಿತ್ರಗಳನ್ನೂ ಮಕ್ಕಳ ಧ್ವನಿ ಸಂದೇಶಗಳನ್ನೂ ತೆಗೆದಿದ್ದೇನೆ. ಮಾವನಿಗೆ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಘಟಕವಿದೆ. ಚಿಕ್ಕಮ್ಮ ಧಾರವಾಡದಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಅರ್ಧಂಬರ್ಧ ವಾಕ್ಯ ಬರೆದವರಿಗೆ ಅವರು ಉತ್ತರ ಕೊಡುವುದಿಲ್ಲವಾದ್ದರಿಂದ ಈ ಗುಂಪಿನಲ್ಲಿ ಎಲ್ಲರೂ ಹೀಗೆಯೇ ಬರೆಯುತ್ತಾರೆ.

ನಾನು: (ಮೂರು ಚಿತ್ರಗಳು) ಜಪಾನಿನಿಂದ ತರಿಸಿದ ಪ್ಯಾಂಟು ಕೈಸೇರಿತು. ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಲಿವೈಸ್ ಕಂಪನಿಯ 501 ಜೀನ್ಸಿನ ಮಾದರಿಯನ್ನು ಮುಂದಿಟ್ಟುಕೊಂಡು ಈಗ ಹೊಲಿದದ್ದಿದು. ಆಗ ಅಮೆರಿಕದ ಸರ್ಕಾರ ಲೋಹ, ದಾರಗಳ ಬಳಕೆಗೆ ಮಿತಿ ಹಾಕಿದ್ದರಿಂದ ಗಡಿಯಾರದ ಜೇಬಿನ ಮೂಲೆ ಹರಿಯದಂತೆ ಬಡಿಯುವ ಲೋಹದ ರಿವೆಟ್ಟುಗಳನ್ನೂ ಸೊಂಟದ ಹಿಂದಿನ ಬಕಲ್ ಪಟ್ಟಿಯನ್ನೂ ಕೈಬಿಟ್ಟಿದ್ದರು. ಹಿಂಜೇಬಿನ ಮೇಲಿನ ಬಿಲ್ಲಿನಾಕಾರದ ಹೊಲಿಗೆಯನ್ನು ದಾರದ ಬದಲು ಬಣ್ಣದಲ್ಲಿ ಬರೆಯುತ್ತಿದ್ದರು. ಗುಂಡಿಗಳ ಮೇಲೂ ಕಂಪನಿಯ ಹೆಸರಿಲ್ಲದೆ ಎಲೆಗಳ ಮಾಲೆಯಿರುತ್ತಿತ್ತು. ಇವೆಲ್ಲವೂ ಈ ಪ್ಯಾಂಟಿನಲ್ಲಿವೆ. ಮೂರನೆಯ ಚಿತ್ರ, ಅಂಚೆಯ ಮೂಲಕ ಸರಕು ಮಾರುತ್ತಿದ್ದ ಅಮೆರಿಕದ ಸಿಯರ್ಸ್ ಕಂಪನಿಯ 1897ರ ಕ್ಯಾಟಲಾಗಿನ ಮರುಮುದ್ರಣದಿಂದ ತೆಗೆದ, ಕೆಲಸಗಾರರ ಉಡುಪಿನ ಪುಟ.

ಅಕ್ಕ: ಗುಂಡಿಯವರೆಗೆ ಎಲ್ಲವನ್ನೂ ಬರೆದು ಬೆಲೆಯನ್ನು ಮಾತ್ರ ಬಿಟ್ಟಿದ್ದೀಯ.

ನಾನು: ಸುಂಕವೂ ಸೇರಿ 25,000 ರೂಪಾಯಿಯ ಆಸುಪಾಸು ಬಿದ್ದಿದೆ.

ಮಾವ: ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಒಂದು ಸಲ ತೊಳೆದದ್ದಿರಬೇಕು. ಬಾಟಮ್ ಮಡಿಕೆಯಲ್ಲಿ ಬಟ್ಟೆ ಹಗ್ಗದ ಹಾಗೆ ಹುರಿಗೊಂಡಿದೆ, ಕಾಲಿನ ಪಕ್ಕದ ಹೊಲಿಗೆ ಮುಂದಕ್ಕೆ ತಿರುಗಿ ಬಂದಿದೆ, ಜೇಬಿನ ಎರಡು ಸಾಲುಗಳ ನಡುವಿನ ಅಂತರ ಒಂದೇ ಸಮ ಇಲ್ಲ. ಇವುಗಳಲ್ಲಿ ಒಂದು ದೋಷವಿದ್ದರೂ ನಮ್ಮ ವ್ಯಾಪಾರಿ ಮಾಲು ವಾಪಸ್ ಕಳಿಸಿ ಬಿಲ್ಲಿನಲ್ಲಿ ಹಣ ಹಿಡಿಯುತ್ತಾನೆ. ನೀನು ಮೂರಕ್ಕೂ ಸೇರಿಸಿ ಹಣ ಕೊಟ್ಟಿದ್ದೀಯ.

ನಾನು: ಮಾವ, ನೀವು ದೋಷ ಎನ್ನುವುದೇ ಆ ಕಾಲದ ಯಂತ್ರಗಳ ಗುರುತು. ಯೂನಿಯನ್ ಸ್ಪೆಷಲ್ 43200ಜಿ ಎಂಬ ಸರಪಳಿ ಹೊಲಿಗೆಯ ಯಂತ್ರದಲ್ಲಿ ಮಡಿಕೆ ಹೊಲಿಯುವಾಗ ಮೇಲಿನ ಪದರವೂ ಕೆಳಗಿನ ಪದರವೂ ಒಂದೇ ವೇಗದಲ್ಲಿ ಸಾಗುವುದಿಲ್ಲ. ತೊಳೆದು ಬಟ್ಟೆ ಕುಗ್ಗಿದಾಗ ಆ ವ್ಯತ್ಯಾಸ ಹುರಿಯಾಗಿ ಎದ್ದು ಕಾಣುತ್ತದೆ. ಕಾಲು ತಿರುಗುವುದಕ್ಕೆ ಕಾರಣ ಓರೆ ನೇಯ್ಗೆ. ಅದನ್ನು ತಪ್ಪಿಸಲೆಂದೇ ಇನ್ನೊಂದು ಜೀನ್ಸ್ ಕಂಪನಿಯಾದ ರಾಂಗ್ಲರ್‌ನವರು 1964ರಲ್ಲಿ ಓರೆಯ ದಿಕ್ಕನ್ನು ನಡುನಡುವೆ ಮುರಿದು ನೇಯ್ದ ಬಟ್ಟೆಯನ್ನು ತಂದರು. ಅದಕ್ಕೂ ಮೊದಲೇ, 1930ರಲ್ಲಿ, ಸ್ಯಾನ್‌ಫರ್ಡ್ ಕ್ಲೂಎಟ್ ಬಟ್ಟೆಯನ್ನು ಗಿರಣಿಯಲ್ಲಿಯೇ ಕುಗ್ಗಿಸಿಬಿಡುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. ಸಮಸ್ಯೆಗೆ ಉತ್ತರ ಸಿಕ್ಕ ಮೇಲೂ ಉತ್ತರಕ್ಕಿಂತ ಮೊದಲಿನ ಬಟ್ಟೆ ಹೇಗಿತ್ತೆಂದು ಕೈಯಲ್ಲಿ ಹಿಡಿದು ತಿಳಿಯಬೇಕಾದರೆ ಹೀಗೆ ಮಾಡಿಯೇ ನೋಡಬೇಕು.

ಮಾವ: ಯಂತ್ರದಿಂದ ಬಂದದ್ದನ್ನು ಒಪ್ಪುತ್ತೇನೆ. ಸೊಟ್ಟ ಹೊಲಿಗೆ ಯಂತ್ರದಿಂದ ಬಂದದ್ದಲ್ಲ. ಯುದ್ಧದ ಅವಸರದಲ್ಲಿ ಆ ಹೆಣ್ಣುಮಗಳು ನೇರವಾಗಿ ಹೊಲಿಯಬೇಕೆಂದೇ ಕೂತಿದ್ದಳು, ಕೈ ಸೊಟ್ಟ ಹೋಯಿತು. ಈಗಿನವನಿಗೆ ಸೊಟ್ಟ ಹೊಲಿಯಲೆಂದೇ ಕೂಲಿ ಕೊಡುತ್ತಾರೆ. ನಲವತ್ತು ಪೀಸು ಒಂದೇ ರೀತಿ ಸೊಟ್ಟ ಹೊಲಿಯುವುದು ನೇರ ಹೊಲಿಯುವುದಕ್ಕಿಂತ ಕಷ್ಟ, ಅದನ್ನು ಅನುಭವದಿಂದ ಹೇಳುತ್ತೇನೆ, ಆದರೆ ಆ ಕಷ್ಟಕ್ಕೆ ಅರ್ಥವೇನು?

ಅಕ್ಕ: ಅಮೆರಿಕದವರು ಮಾರಿದ ಹಳೆಯ ಮಗ್ಗಗಳನ್ನು ಜಪಾನಿನವರು ಕೊಂಡೊಯ್ದರಂತೆ, ಅದಕ್ಕೇ ಈ ಬೆಲೆಯಂತೆ, ನಿಜವೇ?

ನಾನು: ಅದು ಎಲ್ಲ ಕಡೆ ಓಡಾಡುವ ಕಟ್ಟುಕಥೆ, ಅಕ್ಕ. ಜಪಾನಿನಲ್ಲಿ ಈ ಬಟ್ಟೆ ಹೆಚ್ಚಾಗಿ ತೊಯೊಡಾ ಮಗ್ಗಗಳಲ್ಲಿ ತಯಾರಾಗುತ್ತದೆ. ಸಕಿಚಿ ತೊಯೊಡಾ ಅವರ ಜಿ ಮಾದರಿಯ ಸ್ವಯಂಚಾಲಿತ ಮಗ್ಗ 1924ರದ್ದು. ಅಮೆರಿಕದ ಡ್ರೇಪರ್ ಮಗ್ಗಗಳು ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿರುವ ವೈಟ್ ಓಕ್ ಗಿರಣಿಯಲ್ಲಿ, ಆ ಗಿರಣಿ 2017ರ ಕೊನೆಗೆ ಮುಚ್ಚುವವರೆಗೂ ಓಡುತ್ತಿದ್ದವು. ಲಾಳಿಯ ಮಗ್ಗದಲ್ಲಿ ಹೊಕ್ಕಿನ ನೂಲು ಅಂಚಿನಲ್ಲಿ ತುಂಡಾಗದೆ ಹಿಂತಿರುಗುತ್ತದೆ, ಅದರಿಂದ ಅಂಚು ತಾನಾಗಿ ಕಟ್ಟಿಕೊಳ್ಳುತ್ತದೆ. ಆದರೆ ಬಟ್ಟೆಯ ಅಗಲ ಮೂವತ್ತು ಅಂಗುಲದಷ್ಟೇ ಇರುವುದರಿಂದ ಒಂದು ಪ್ಯಾಂಟಿಗೆ ಹೆಚ್ಚು ಉದ್ದದ ಬಟ್ಟೆ ಬೇಕಾಗುತ್ತದೆ, ಮಗ್ಗವೂ ನಿಧಾನ. ಬೆಲೆಯ ಒಂದು ಪಾಲು ಅಲ್ಲಿಗೇ ಹೋಗುತ್ತದೆ.

ಚಿಕ್ಕಮ್ಮ: ಕಟ್ಟಿಕೊಂಡ ಅಂಚು ಬೇಕೆನ್ನುವವರಿಗೆ ಇಳಕಲ್ಲಿನ ಕೈಮಗ್ಗದಲ್ಲಿ ಅದು ಇಂದಿಗೂ ದೊರೆಯುತ್ತದೆ, ಸುಂಕವಿಲ್ಲದೆ. ಅದಿರಲಿ, ನನ್ನ ತಕರಾರು ನಿನ್ನ ಮೂರನೆಯ ಚಿತ್ರದ ಬಗ್ಗೆ. ಆ ಪುಟದಲ್ಲಿರುವುದು ಲಿವೈಸ್ ಅಲ್ಲ. ಕಾಲ 1897, ನಿನ್ನ ಪ್ಯಾಂಟಿನ ಕಾಲ 1944. ಅದೂ ಸಾಲದೆಂಬಂತೆ, ಕ್ಯಾಟಲಾಗು ಮಾರುವವನು ಬರೆದ ಪುಸ್ತಕ. ಕೆತ್ತನೆಯ ಚಿತ್ರದಲ್ಲಿ ಪ್ಯಾಂಟಿಗೆ ಒಂದು ಸುಕ್ಕೂ ಇರುವುದಿಲ್ಲ, ತೊಟ್ಟವನ ಬೂಟಿಗೆ ಕೆಸರೂ ಇರುವುದಿಲ್ಲ. ಜನ ಏನು ತೊಟ್ಟರು ಎಂಬುದಕ್ಕೆ ಅದನ್ನು ಸಾಕ್ಷಿಯಾಗಿ ಇಟ್ಟರೆ ನಾನು ಒಪ್ಪುವುದಿಲ್ಲ. ಸಿಯರ್ಸ್‌ನವರು ತಮ್ಮ ಕ್ಯಾಟಲಾಗನ್ನು ಪ್ರತಿಸ್ಪರ್ಧಿಗಳಾದ ಮಾಂಟ್ಗೊಮರಿ ವಾರ್ಡ್‌ನವರದಕ್ಕಿಂತ ತುಸು ಚಿಕ್ಕದಾಗಿ ಮುದ್ರಿಸುತ್ತಿದ್ದರಂತೆ. ಮನೆಯಾಕೆ ಪುಸ್ತಕ ಜೋಡಿಸಿಡುವಾಗ ಚಿಕ್ಕದು ಮೇಲೆ ಕೂರಲಿ ಎಂಬ ಲೆಕ್ಕಾಚಾರ. ಆಕಾರದಲ್ಲಿಯೇ ಇಷ್ಟು ಉಪಾಯ ಮಾಡಿದವರು ಒಳಗಿನ ಮಾತಿನಲ್ಲಿ ಎಷ್ಟು ಮಾಡಿರಬೇಡ!

ನಾನು: ಚಿಕ್ಕಮ್ಮ, ನೀವು ಹೇಳಿದ ಉಪಾಯದ ಜೊತೆಗೇ ಅದರಲ್ಲಿ ಸಾಕ್ಷಿಯೂ ಇದೆ. ಲಿವೈಸ್ ಕಂಪನಿಯ ಹಳೆಯ ದಾಖಲೆಗಳು 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದ ಹಿಂದೆಯೇ ಎದ್ದ ಬೆಂಕಿಯಲ್ಲಿ ಸುಟ್ಟುಹೋದವು. ಜೇಕಬ್ ಡೇವಿಸ್ ಎಂಬ ನೆವಾಡಾದ ದರ್ಜಿಯೂ ಲೀವೈ ಸ್ಟ್ರಾಸ್ ಅವರೂ ಸೇರಿ 1873ರ ಮೇ 20ರಂದು ಪಡೆದ ರಿವೆಟ್ಟಿನ ಪೇಟೆಂಟ್ ಸರ್ಕಾರದ ಕಡತದಲ್ಲಿ ಉಳಿಯಿತು, ಕಂಪನಿಯ ಸ್ವಂತ ಕಾಗದಗಳು ಉಳಿಯಲಿಲ್ಲ. ಹಾಗಾಗಿ ಆ ಕಾಲವನ್ನು ಹುಡುಕುವವರಿಗೆ ಪಾಳುಬಿದ್ದ ಗಣಿಗಳಲ್ಲಿ ಸಿಕ್ಕ ಚಿಂದಿ, ಹಳೆಯ ಫೋಟೊ, ಬೆಲೆಪಟ್ಟಿ, ಕ್ಯಾಟಲಾಗು ಬಿಟ್ಟರೆ ಹೆಚ್ಚೇನೂ ಇಲ್ಲ. ಚಿಂದಿಯ ಮೇಲೆ ಇಸವಿ ಇರುವುದಿಲ್ಲ, ಕ್ಯಾಟಲಾಗಿನ ಮೇಲೆ ಇರುತ್ತದೆ. ಯಾವ ಉಡುಪನ್ನು ಯಾವ ಬೆಲೆಗೆ, ಯಾವ ಬಟ್ಟೆಯೆಂದು ಹೇಳಿ ಮಾರುತ್ತಿದ್ದರು, ಹೆಗಲುಪಟ್ಟಿಯ ಗುಂಡಿಗಳ ಜಾಗಕ್ಕೆ ಬೆಲ್ಟಿನ ಲೂಪುಗಳು ಯಾವಾಗ ಬಂದವು ಎಂಬುದನ್ನು ಬೇರೆ ಬೇರೆ ಕಂಪನಿಗಳ ಕ್ಯಾಟಲಾಗುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ಮಾರುವವನು ಹೊಗಳಿದ್ದನ್ನು ನಂಬಬೇಕಿಲ್ಲ, ಅವನು ಮಾರಾಟಕ್ಕೆ ಇಟ್ಟಿದ್ದನ್ನು ನಂಬಬಹುದು.

ಚಿಕ್ಕಮ್ಮ: ಈ ಕೊನೆಯ ವಾಕ್ಯ ನನ್ನ ಹಳೆಯ ವಿದ್ಯಾರ್ಥಿಗಳು ಬರೆದಿದ್ದರೆ ಅಂಕ ಕೊಡುತ್ತಿದ್ದೆ. ಹಾಗಾದರೆ ಇದಕ್ಕೆ ಉತ್ತರ ಹೇಳು. 2022ರ ಅಕ್ಟೋಬರಿನಲ್ಲಿ ನ್ಯೂ ಮೆಕ್ಸಿಕೊದಲ್ಲಿ 1880ರ ದಶಕದ ಒಂದು ಲಿವೈಸ್ ಪ್ಯಾಂಟು 76,000 ಡಾಲರಿಗೆ ಹರಾಜಾಯಿತು. ಅದರ ಜೇಬಿನ ಒಳಬಟ್ಟೆಯ ಮೇಲೆ, ಬಿಳಿಯ ಕಾರ್ಮಿಕರೇ ತಯಾರಿಸಿದ ಏಕೈಕ ಸರಕು ಎಂಬ ಅರ್ಥದ ಸಾಲು ಅಚ್ಚಾಗಿತ್ತು. ಚೀನೀಯರು ದೇಶದೊಳಗೆ ಬರಬಾರದೆಂದು ಅಮೆರಿಕ 1882ರಲ್ಲಿ ಕಾನೂನು ಮಾಡಿದ ಕಾಲವದು. ಕಂಪನಿ 1890ರ ದಶಕದಲ್ಲಿ ಆ ಸಾಲನ್ನು ಕೈಬಿಟ್ಟಿತು. ಯುದ್ಧದ ಕೊರತೆಯನ್ನು ದಾರದ ಎಳೆಯವರೆಗೂ ನಕಲು ಮಾಡುವ ನಿಮ್ಮವರು ಈ ಸಾಲಿನ ಎದುರು ಬಂದು ನಿಂತಾಗ ಏನು ಮಾಡಬೇಕು? ಅಚ್ಚು ಹಾಕಿದರೆ ಮಹಾಪರಾಧ, ಬಿಟ್ಟರೆ ಯಥಾವತ್ತು ಎಂಬ ನಿಮ್ಮ ಹೆಮ್ಮೆ ಸುಳ್ಳು.

ಅಕ್ಕ: ಚಿಕ್ಕಮ್ಮ, ಅವನು ಬರೆಯುತ್ತಿದ್ದಾನೆ ಎಂದು ಮೇಲೆ ತೋರಿಸುತ್ತಿದೆ, ಬಹಳ ಹೊತ್ತಾಯಿತು.

ನಾನು: ತೊಡುವ ಬಟ್ಟೆಗೂ ಓದುವ ಪುಟಕ್ಕೂ ನಾನು ಬೇರೆ ಬೇರೆ ನಿಯಮ ಇಡುತ್ತೇನೆ. ಕ್ಯಾಟಲಾಗನ್ನು ಮರುಮುದ್ರಿಸುವವರು ಒಂದು ಅಕ್ಷರವನ್ನೂ ತೆಗೆಯಬಾರದು. ಅದರಲ್ಲಿ ಅಸಹ್ಯವಾದ ಸಾಲಿದ್ದರೆ ಅದೂ ಇರಲೇಬೇಕು, ಏಕೆಂದರೆ ಮುಂದೆ ಯಾರೋ ಅದನ್ನೇ ಹುಡುಕಿಕೊಂಡು ಬರುತ್ತಾರೆ. ಪ್ಯಾಂಟು ಹಾಗಲ್ಲ. ಅದನ್ನು ತೊಟ್ಟು ನಾನು ತರಕಾರಿ ತರಲು ಹೋಗುತ್ತೇನೆ, ಆ ಸಾಲನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಅಗತ್ಯ ನನಗಿಲ್ಲ. ಬಿಟ್ಟಿರುವುದನ್ನು ತಯಾರಕ ಚೀಟಿಯಲ್ಲಿ ಬರೆದರೆ ಸಾಕು. ಬರೆಯದೆ ಬಿಟ್ಟು, ಎಲ್ಲವೂ ಇದ್ದ ಹಾಗೆಯೇ ಇದೆ ಎಂದರೆ ಮಾತ್ರ ಅದು ಸುಳ್ಳು.

ಚಿಕ್ಕಮ್ಮ: ಬರೆಯುವವರನ್ನು ತೋರಿಸು, ಒಪ್ಪುತ್ತೇನೆ.

ಮಾವ: ಚೀಟಿಯ ಮಾತು ಬಂತಲ್ಲ. ಜೇಬಿನ ಬಿಲ್ಲಿನ ಹೊಲಿಗೆ ಲಿವೈಸ್‌ನವರದು, ಅದರ ಮೇಲೆ ಅವರಿಗೆ ಹಕ್ಕಿದೆ. 2007ರಲ್ಲಿ ಜಪಾನಿನ ಇಂಥ ತಯಾರಕರ ಮೇಲೂ ಅವರು ಮೊಕದ್ದಮೆ ಹೂಡಿದ್ದು ಸುದ್ದಿಯಾಗಿತ್ತು. ನಮ್ಮಲ್ಲಿ ಅದೇ ಹೊಲಿಗೆ ಹಾಕಿ ಸಂತೆಯಲ್ಲಿ ಮಾರಿದರೆ ಡೂಪ್ಲಿಕೇಟ್ ಎಂದು ಪೊಲೀಸರು ಬರುತ್ತಾರೆ. ಒಸಾಕಾದವನು ಹಾಕಿದರೆ ಅದು ಸಂಶೋಧನೆಯೇ?

ನಾನು: ಡೂಪ್ಲಿಕೇಟಿನವನು ತಾನು ಲಿವೈಸ್ ಎಂದೇ ಹೇಳಿ ಮಾರುತ್ತಾನೆ. ಇವರು ಸೊಂಟದ ಚರ್ಮದ ಪಟ್ಟಿಯ ಮೇಲೆ ತಮ್ಮ ಹೆಸರನ್ನೇ ಒತ್ತಿದ್ದಾರೆ. ಇನ್ನೊಂದು ಮಾತು, ಮಾವ: ಇವರು ಹಳೆಯ ಬಟ್ಟೆಯನ್ನು ನಕಲು ಮಾಡುತ್ತಾರೆ, ಹಳತನವನ್ನಲ್ಲ. ನೂಲನ್ನು ಹಗ್ಗದ ಹಾಗೆ ಕಟ್ಟಿ ನೀಲಿಯಲ್ಲಿ ಮತ್ತೆ ಮತ್ತೆ ಅದ್ದಿ ತೆಗೆಯುವುದರಿಂದ ಬಣ್ಣ ಮೇಲೆ ಮಾತ್ರ ಕೂರುತ್ತದೆ, ನೂಲಿನ ನಡು ಬೆಳ್ಳಗೆ ಉಳಿಯುತ್ತದೆ. ತೊಟ್ಟವನ ಮಂಡಿ ಮಡಚಿದಲ್ಲಿ, ಜೇಬಿನಲ್ಲಿ ಕೀಲಿಕೈ ಇಟ್ಟಲ್ಲಿ, ವರ್ಷಗಳ ಮೇಲೆ ಬಿಳುಪು ಹೊರಬರುತ್ತದೆ. ವಾಷಿಂಗ್ ಘಟಕದಲ್ಲಿ ಅದನ್ನು ಒಂದು ಮಧ್ಯಾಹ್ನದಲ್ಲಿ ಮಾಡಿಬಿಡುತ್ತಾರೆ.

ಮಾವ: ಹೌದು, ಮಾಡುತ್ತೇವೆ. ತೊಡೆಯ ಮೇಲೆ ಉಪ್ಪುಕಾಗದ ಉಜ್ಜುತ್ತಾರೆ, ಬಣ್ಣ ತೆಗೆಯುವ ಪರ್ಮಾಂಗನೇಟ್ ಹೊಡೆಯುತ್ತಾರೆ, ಕಲ್ಲು ಹಾಕಿ ತಿರುಗಿಸುತ್ತಾರೆ. ಗಿರಾಕಿ ಕೇಳುತ್ತಾನೆ, ನಾವು ಮಾಡುತ್ತೇವೆ. ಅದರ ನೀರು ಎಲ್ಲಿಗೆ ಹೋಗುತ್ತದೆ ಎಂದು ಅವನು ಕೇಳುವುದಿಲ್ಲ. ಟರ್ಕಿಯಲ್ಲಿ ಮರಳು ಹೊಡೆದು ಜೀನ್ಸ್ ಬಿಳಿ ಮಾಡುತ್ತಿದ್ದ ಹುಡುಗರ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಹಿಡಿದು, 2009ರಲ್ಲಿ ಅಲ್ಲಿಯ ಸರ್ಕಾರ ಆ ಕೆಲಸವನ್ನೇ ನಿಷೇಧಿಸಿತು. ಹಳತನವನ್ನು ನಕಲು ಮಾಡುವುದಿಲ್ಲ ಎಂದೆಯಲ್ಲ, ನಿನ್ನ ವಾದದಲ್ಲಿ ನನಗೆ ಹಿಡಿಸಿದ ಮಾತು ಅದೊಂದೇ. ಸೊಟ್ಟ ಹೊಲಿಗೆಯನ್ನು ಈಗಲೂ ಒಪ್ಪುವುದಿಲ್ಲ.

ಅಕ್ಕ: ಹಾಗಾದರೆ ಮಾವ, ಅಂಥದ್ದನ್ನು ನೀವೇ ಹೊಲಿಯಬಹುದಲ್ಲ?

ಮಾವ: ಲಾಳಿ ಮಗ್ಗದ ಡೆನಿಮ್ ಈಗ ನಮ್ಮ ದೇಶದಲ್ಲಿಯೂ ಸಿಗುತ್ತದೆ. ಪಾಲಿಯೆಸ್ಟರ್ ಬಿಟ್ಟು ಹತ್ತಿಯ ದಾರ ಹಾಕಿದರೆ ನನ್ನ ಯಂತ್ರದ ವೇಗಕ್ಕೆ ಅದು ತುಂಡಾಗುತ್ತಿರುತ್ತದೆ, ನಿಧಾನವಾಗಿ ಓಡಿಸಬೇಕು. ಒಂದು ಪ್ಯಾಂಟು ಹೊಲಿದುಕೊಡುತ್ತೇನೆ. ಜೇಬಿನ ಮೇಲೆ ಯಾರ ಬಿಲ್ಲೂ ಇರುವುದಿಲ್ಲ, ಸಾಲುಗಳು ನೇರವಾಗಿರುತ್ತವೆ, ಒಳಗಿನ ಚೀಟಿಯಲ್ಲಿ ಊರೂ ಇಸವಿಯೂ ಇರುತ್ತವೆ. ಬಟ್ಟೆ ಕುಗ್ಗುವುದರಿಂದ ನಾಲ್ಕು ಗಜವಾದರೂ ತರಿಸಬೇಕು, ಆ ಹಣ ನಿನ್ನದು. ಸೊಂಟದ ಅಳತೆ ಕಳಿಸು; ಊಟಕ್ಕೆ ಮೊದಲಿನದ್ದಲ್ಲ, ಆಮೇಲಿನದ್ದು.