ಅಪ್‌ಡೇಟ್: ಅಡಮಾನದ ಜಮೀನಿಗೆ ಬಂದಿದ್ದ ಬ್ಯಾಂಕ್ ನೋಟಿಸ್ ಏನಾಯಿತು

ಮಂಡ್ಯದ ನಮ್ಮ ಕಬ್ಬಿನ ಗದ್ದೆಯನ್ನು ಸರ್ಫೇಸಿ ಕಾಯ್ದೆಯಡಿ (ಸಾಲ ತೀರದಿದ್ದಾಗ ನ್ಯಾಯಾಲಯಕ್ಕೆ ಹೋಗದೆಯೇ ಅಡಮಾನದ ಆಸ್ತಿಯನ್ನು ಪಡೆಯಲು ಬ್ಯಾಂಕಿಗೆ ಅವಕಾಶ ಕೊಡುವ ಕಾನೂನು) ವಶಕ್ಕೆ ಪಡೆಯುವುದಾಗಿ ತಂದೆಯವರಿಗೆ ಬ್ಯಾಂಕಿನಿಂದ ಬಂದ ನೋಟಿಸಿಗೆ ಏನು ಮಾಡಬೇಕೆಂದು ಇಲ್ಲಿ ಸಲಹೆ ಕೇಳಿದ್ದೆ. ಈಗ ಆ ಕ್ರಮ ನಿಂತಿದೆ. ಫಲ ಕೊಟ್ಟದ್ದು, ಬ್ಯಾಂಕ್ ವ್ಯಾಜ್ಯಗಳನ್ನೇ ನಡೆಸುವ ವಕೀಲರನ್ನು ಕಾಣಿರಿ ಎಂದವರ ಸಲಹೆ. 2002ರ ಆ ಕಾಯ್ದೆಯ 31(ಐ) ಕಲಮಿನಂತೆ ಕೃಷಿಭೂಮಿಯ ಅಡಮಾನಕ್ಕೆ ಅದು ಅನ್ವಯಿಸುವುದಿಲ್ಲವೆಂದು ವಕೀಲರು ನೋಟಿಸಿನ 60 ದಿನಗಳ ಗಡುವಿನೊಳಗೇ ಲಿಖಿತ ಆಕ್ಷೇಪಣೆ ಸಲ್ಲಿಸಿದರು. ಅದಕ್ಕೆ ಬ್ಯಾಂಕ್ 15 ದಿನಗಳಲ್ಲಿ ಉತ್ತರಿಸಬೇಕು. ಮ್ಯಾನೇಜರರನ್ನು ಕಂಡು ವಿನಂತಿಸುವ ಸಲಹೆಯಿಂದ ಏನೂ ಆಗಲಿಲ್ಲ. ನನಗೆ ಅಚ್ಚರಿಯೆನಿಸಿದ್ದು, ಪಹಣಿಯಲ್ಲಿ ಕೃಷಿ ಜಮೀನೆಂದು ನಮೂದಾಗಿದ್ದರಷ್ಟೇ ಸಾಲದು, ಅಲ್ಲಿ ಬೇಸಾಯ ನಡೆಯುತ್ತಿದೆಯೆಂಬುದನ್ನು ಸಾಲಗಾರನೇ ಸಾಬೀತುಪಡಿಸಬೇಕು ಎಂಬುದು. ಸಕ್ಕರೆ ಕಾರ್ಖಾನೆಯ ತೂಕದ ಚೀಟಿಗಳು ನೆರವಿಗೆ ಬಂದವು (ಅವನ್ನು ಎಸೆಯದೆ ಇಟ್ಟಿದ್ದ ಅಮ್ಮನಿಗೆ ಕೃತಜ್ಞತೆ). ಸಾಲವೇನೂ ಮನ್ನಾ ಆಗಿಲ್ಲ. ಬ್ಯಾಂಕಿಗೆ ಬೇರೆ ಕಾನೂನು ದಾರಿಗಳು ಇದ್ದೇ ಇರುವುದರಿಂದ, ಲೋಕ ಅದಾಲತ್‌ನಲ್ಲಿ ಒನ್ ಟೈಮ್ ಸೆಟ್ಲ್‌ಮೆಂಟಿಗೆ (ಒಪ್ಪಿದ ಮೊತ್ತ ಕಟ್ಟಿ ಸಾಲವನ್ನು ಒಂದೇ ಸಲಕ್ಕೆ ಇತ್ಯರ್ಥ ಮಾಡಿಕೊಳ್ಳುವುದಕ್ಕೆ) ಮಾತುಕತೆ ನಡೆಸುತ್ತಿದ್ದೇವೆ.