ಅಲಾಯ್ ಗಾಲಿಗೆ ಸುಲಿಯೋ ರಬ್ಬರ್ ಬಣ್ಣ: ನಮ್ಮ ಕಡಿ ಬಿಸಿಲು, ಧೂಳಿಗೆ ಎಷ್ಟು ದಿನ ತಾಳ್ತದ?

ಎರೆಹೊಲದ_ದಾರಿ (ಕಲಬುರಗಿ):
ನಮಸ್ಕಾರ್ರಿ. 15 ಇಂಚಿನ ಬೆಳ್ಳಿ ಬಣ್ಣದ ಅಲಾಯ್ ಅವ, ಮ್ಯಾಟ್ ಕಪ್ಪು ಪ್ಲಾಸ್ಟಿ ಡಿಪ್ (ಬ್ಯಾಡಾದಾಗ ಸುಲಿದು ತೆಗಿಯೋ ರಬ್ಬರ್ ಬಣ್ಣದ ಸ್ಪ್ರೇ) ಹೊಡೀಬೇಕಂತ ಅದ. ಗಾಡಿ ದಿನಾ ಸೇಡಂಗೆ ಹೋಗಿ ಬರ್ತದ. ಬ್ಯಾಸಗಿಗೆ ಸಿಮೆಂಟ್ ಧೂಳು, ಮಳಿಗಾಲಕ್ಕ ಎರೆಮಣ್ಣು. ಎಷ್ಟು ಕ್ಯಾನ್ ಬೇಕು? ಗಾಲಿ ಬಿಚ್ಚಲೇಬೇಕೇನು? ಪ್ರೆಶರ್ ವಾಶ್ ತಾಳ್ತದೇನು? ಆಮ್ಯಾಲ ಬ್ಯಾಡ ಅನಿಸಿದ್ರ ಪೂರ್ತಿ ಸುಲಿದು ಬರ್ತದೋ, ಚೂರು ಚೂರು ಆಗ್ತದೋ?

ಬೀದರ್_ಗ್ಯಾರೇಜ್:
ಬಾಳಿಕಿ ಕ್ಯಾನಿನ ಕಿಮ್ಮತ್ತಿನ ಮ್ಯಾಲಿಲ್ರಿ, ದಪ್ಪ ಮತ್ತ ಅಂಚಿನ ಮ್ಯಾಲ ಅದ. ಇದು ಪೇಂಟ್‌ನಂಗ ಲೋಹಕ್ಕ ಕಚ್ಚೋದಿಲ್ಲ, ಮ್ಯಾಲ ಬಿಗಿಯಾಗಿ ಕುಂತಿರ್ತದ ಅಷ್ಟ. ಎಲ್ಲಿ ಅಂಚು ಏಳ್ತದೋ ಅಲ್ಲಿಂದ ನೀರು, ಮಣ್ಣು ಒಳಗ ಹೊಕ್ಕು ಪೂರಾ ಪದರ ಬಿಡ್ತದ.

311 ಗ್ರಾಂ ಕ್ಯಾನ್ ಗಾಲಿಗೊಂದರಂತ ನಾಕು ಹಿಡೀರಿ, ಒಂದು ಹೆಚ್ಚಿಗಿ ಇಟ್ಕೋರಿ. ಮಿಗಿಸ್ಲಿಕ್ಕ ಹೋಗಿ ತೆಳ್ಳಗ ಹೊಡದ್ರ ಆಮ್ಯಾಲ ಸುಲಿಯೂದು ಬಲೆ ತ್ರಾಸು.

ಗಾಲಿ ಬಿಚ್ಚಿ ತೊಳಿಯೂದು ಚಲೋ. ಬ್ರೇಕ್ ಧೂಳು ಕಡ್ಡಿಗಳ ಹಿಂದ, ಮೂಲಿಯಾಗ ಕುಂತಿರ್ತದ. ಮೊದಲು ಶಾಂಪೂ ನೀರು. ಡಾಂಬರು ಹತ್ತಿದ್ರ ಘಾಸ್ಲೇಟ್ ಅರಿವಿಲೆ ಒರಸ್ರಿ, ಆದ್ರ ಅದರ ಜಿಡ್ಡು ಉಳೀತದ, ಅದಕ್ಕ ಮತ್ತೊಮ್ಮಿ ಸೋಪಿನ ನೀರಿಲೆ ತೊಳೀರಿ. ಕಡೀಕ ಜಿಡ್ಡು ತೆಗಿಯೋ ಐಸೊಪ್ರೊಪೈಲ್ ಆಲ್ಕೋಹಾಲ್‌ಲೆ ಒರಸ್ರಿ. ಟೈರಿಗೆ ಹಚ್ಚೋ ಪಾಲಿಶ್‌ನಾಗ ಸಿಲಿಕಾನ್ ಇರ್ತದ. ಅದು ರಿಮ್ಮಿಗೆ ಒಂದು ಹನಿ ತಾಗಿದ್ರೂ ಅಲ್ಲಿ ಪದರ ನಿಲ್ಲೂದಿಲ್ಲ.

ಟೈರು ರಿಮ್ಮಿನ ನಡುವ ಹಳಿ ಇಸ್ಪೀಟ್ ಎಲಿ ಸುತ್ತಲೂ ಸಿಗಸ್ರಿ, ವಾಲ್ವಿಗೆ ಟೇಪು. ಕ್ಯಾನ್ ಒಂದು ನಿಮಿಷ ಅಲ್ಲಾಡಿಸಿ, ಸುಮಾರು 15 ಸೆಂ.ಮೀ. ದೂರದಿಂದ ಹೊಡೀರಿ. ಮೊದಲ್ನೇ ಕೋಟ್ ಮಂಜು ಬಿದ್ದಂಗ ಇರಬೇಕು, ಕೆಳಗಿನ ಬೆಳ್ಳಿ ಅರ್ಧಾ ಕಾಣಬೇಕು. ಆಮ್ಯಾಲ 20 ನಿಮಿಷಕ್ಕೊಂದರಂತ ನಾಕೈದು ಹಸಿ ಕೋಟ್, ಬಣ್ಣ ಕೆಳಗ ಸೋರದಂಗ. ಕಡೀ ಕೋಟ್ ಹಸಿ ಇದ್ದಾಗನ ಎಲಿ, ಟೇಪು ತೆಗೀಬೇಕು. ಒಣಗಿದ ಮ್ಯಾಲ ಜಗ್ಗಿದ್ರ ಅಂಚು ಹರೀತದ, ಮುಂದ ಅಲ್ಲಿಂದನ ಎದ್ದು ಬರ್ತದ.

ಏಪ್ರಿಲ್-ಮೇದಾಗ ಮಧ್ಯಾಹ್ನ ಹೊಡೀಲೇಬ್ಯಾಡ್ರಿ. 42 ಡಿಗ್ರಿಗೆ ಹನಿ ಗಾಳ್ಯಾಗನ ಒಣಗಿ ಗಾಲಿ ಮ್ಯಾಲ ರವಾದಂಗ ಕೂಡ್ತದ. ಮಳಿ ಬರೋ ಹೊತ್ತಿನಾಗ ತ್ಯಾವಕ್ಕ ಬೆಳ್ಳಗ ಮಬ್ಬು ಹಿಡೀತದ. ನವೆಂಬರ್‌ನಿಂದ ಫೆಬ್ರುವರಿ, ಬಿಸಿಲೇರಿದ ಮ್ಯಾಲ, ಗಾಳಿ ಇಲ್ಲದ ನೆರಳಿನಾಗ ಹೊಡೀರಿ. ದ್ರಾವಕದ ವಾಸನಿ ಜೋರಿರ್ತದ, ಬೆಂಕಿ ಹತ್ತೂ ಸಾಮಾನು. ಮಾಸ್ಕ್ ಹಾಕ್ರಿ, ಹತ್ರ ಬೀಡಿ, ಸ್ಟೋವ್ ಇರಬಾರ್ದು. ಉಳಿದ ಕ್ಯಾನ್ ಬಿಸಿಲಿನಾಗ ನಿಂತ ಕಾರಿನಾಗ ಬಿಡಬ್ಯಾಡ್ರಿ.

ಮುಟ್ಟಲಿಕ್ಕ ನಾಕು ತಾಸು ಸಾಕು. ಗಾಲಿ ಕಟ್ಟೂದು ಮರುದಿನ, ತೊಳಿಯೂದು ಮೂರ್ನಾಕು ದಿನ ಬಿಟ್ಟು. ಹಿಂಗ ಮಾಡಿದ್ರ ಗಾಲಿ ಮ್ಯಾಲ ಒಂದರಿಂದ ಎರಡು ವರ್ಷ ನಡೀತದ. ಬಾನೆಟ್ಟಿನ ಮ್ಯಾಲ ಇದಕ್ಕಿಂತ ಹೆಚ್ಚು ಬಾಳ್ತದ, ಗಾಲಿಗೆ ಕಲ್ಲಿನ ಏಟು ಅದಲ್ರಿ.

ಪ್ರೆಶರ್ ವಾಶ್ ನಡೀತದ, ಆದ್ರ ನಳಿಗಿ ಎರಡು ಫೂಟು ದೂರ ಇರ್ಲಿ, ಅಂಚಿಗೆ ನೇರ ಹಿಡೀಬಾರ್ದು. ಬೋರಿನ ನೀರು ಹಂಗ ಆರಿಸಿದ್ರ ಮ್ಯಾಟ್ ಕಪ್ಪಿನ ಮ್ಯಾಲ ಸುಣ್ಣದ ಕಲಿ ಎದ್ದು ಕಾಣ್ತಾವ, ಒರಸ್ರಿ. ಪೆಟ್ರೋಲ್ ಅರಿವಿ ಮಾತ್ರ ತಾಗಿಸಬ್ಯಾಡ್ರಿ, ಪದರ ಕರಗ್ತದ.

ಟಾರ್ಕ್_ಪಾನಾ (ಯಾದಗಿರಿ):
ಮ್ಯಾಲಿನವ್ರು ಎಲ್ಲಾ ಸರಿ ಹೇಳ್ಯಾರ. ಒಂದು ಮಾತು ಬಿಟ್ಟದ, ಅದು ಜೀವದ ಮಾತು. ನಟ್ಟು ಕುಂದರೋ ಇಳಿಜಾರು ಜಾಗಕ್ಕ, ಗಾಲಿ ಹಿಂದ ಹಬ್ಬಿಗೆ (ಗಾಡಿ ಕಡಿ ಗಾಲಿ ಕೂಡೋ ಗುಂಭಕ್ಕ) ಕೂಡೋ ಮುಖಕ್ಕ ಒಂದು ಹನಿ ರಬ್ಬರೂ ಬೀಳಬಾರ್ದು. ಟೇಪು, ಫೋಮ್ ತುರುಕಿ ಮುಚ್ಚರಿ. ರಬ್ಬರ್ ಮೆತ್ತಗದ. ಬ್ರೇಕಿನ ಕಾವಿಗೆ, ನಟ್ಟಿನ ಒತ್ತಡಕ್ಕ ಹಿಂಡಿ ಹೊರಗ ಬರ್ತದ, ಅಲ್ಲಿ ಸಂದು ಬಿದ್ದು ನಟ್ಟು ಸಡಲಾಗ್ತದ. ಟಾರ್ಕ್ ಪಾನಾದಿಂದ (ಎಷ್ಟು ಬಿಗಿ ಆತು ಅಂತ ಅಳಿಯೋ ಪಾನಾ) ಗಾಡಿ ಪುಸ್ತಕದಾಗಿನ ಅಳತಿಗೆ ಬಿಗದು, 100 ಕಿ.ಮೀ. ಓಡಿಸಿ ಮತ್ತೊಮ್ಮಿ ನೋಡ್ರಿ.

ಟೈರು ಬದಲಿ ಮಾಡೂದಿದ್ರ ಮೊದಲ ಮಾಡಿ ಬ್ಯಾಲೆನ್ಸ್ ಮಾಡಿಸ್ರಿ. ಟೈರು ಬಿಚ್ಚೋ ಮಷೀನಿನ ಹಲ್ಲು, ಸಬ್ಬಲ್ ಹೊರಗಿನ ಅಂಚು ಹರೀತಾವ. ಬ್ಯಾಲೆನ್ಸಿಗಂತ ರಿಮ್ಮಿನ ಒಳಗ ಅಂಟಸೋ ತೂಕದ ತುಂಡಿನ ಜಾಗಕ್ಕೂ ಹೊಡೀಬ್ಯಾಡ್ರಿ, ಪದರ ಬಿಟ್ರ ತೂಕಾನೂ ಅದರ ಜೋಡಿ ಬೀಳ್ತದ.

ಎರೆಹೊಲದ_ದಾರಿ:
ಉಪಕಾರ ಆಯ್ತು ಅಣ್ಣಾರ. ಒಂದು ತೊಡಕು ಅದ. ಹಿಂದಿನ ಎರಡು ಗಾಲಿಗೆ ಮೊದಲಿನ ಮಾಲಕ್ರು ತೆಳ್ಳಗ ಹೊಡದಾರ. ಉಗುರಿಲೆ ಕೆರದ್ರ ಅಕ್ಕಿ ಕಾಳಿನಷ್ಟು ಅಷ್ಟ ಬರ್ತದ.

ಬೀದರ್_ಗ್ಯಾರೇಜ್:
ಕೆರೀಬ್ಯಾಡ್ರಿ, ಅಲಾಯ್ ಮ್ಯಾಲ ಗೀರು ಬೀಳ್ತಾವ. ಶಾಂಪೂಲೆ ತೊಳದು ಒಣಗಿಸಿ, ಅದರ ಮ್ಯಾಲನ ಮೂರು ದಪ್ಪ ಹಸಿ ಕೋಟ್ ಹೊಡೀರಿ. ಹೊಸಾದರ ದ್ರಾವಕ ಹಳೇದನ್ನ ಚೂರು ಕರಗಿಸಿ ಎರಡೂ ಒಂದಾಗ್ತಾವ. ಒಂದು ರಾತ್ರಿ ಬಿಟ್ಟು ಒಳಗಿನ ಮೂಲಿಯಿಂದ ಬಟ್ಟಿಲೆ ಉಜ್ಜಿ ಎಬ್ಬಿಸಿ ಸಾವಕಾಶ ಜಗ್ಗರಿ, ಹಾಳಿ ಹಾಳಿಯಾಗಿ ಬರ್ತದ. ಮೂಲಿಯಾಗ ಉಳಿದ ಚೂರಿಗೆ ಡಬ್ಲ್ಯೂಡಿ-40 (ತುಕ್ಕು ಹಿಡಿದ ನಟ್ಟಿಗೆ ಹೊಡಿಯೋ ಎಣ್ಣಿ ಸ್ಪ್ರೇ) ಹೊಡದು ಸ್ವಲ್ಪ ಹೊತ್ತು ಬಿಟ್ಟು ಒರಸ್ರಿ. ಅದರ ಎಣ್ಣಿ ಪೂರಾ ಹೋಗೂತನ ಸೋಪು, ಆಲ್ಕೋಹಾಲ್ ಎರಡೂ ಹಾಕಿ ತೊಳದಾದ ಮ್ಯಾಲನ ಹೊಸಾ ಕೋಟ್ ಶುರು ಮಾಡ್ರಿ. ಈ ಎರಡು ಗಾಲಿಗೆ ಇನ್ನೂ ಒಂದೆರಡು ಕ್ಯಾನ್ ಜಾಸ್ತಿ ಹಿಡೀರಿ.